ಕ್ರೇನಿನ ಮೇಲಿನ ಒಂಟೆ

ಆಸ್ಪತ್ರೆಯ ವಾರ್ಡು, ಕಿಟಕಿ ಪಕ್ಕದ ಮಂಚ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲಿನ ಗಣ್ಯರೇ, ಈಗಲೇ ಬಾಗಿಲ ಕಡೆ ನೋಡುತ್ತಿರುವ ಸಭಿಕರೇ! ಇಂದಿನ ಉಪನ್ಯಾಸದ ವಿಷಯ ಮೂತ್ರ. ನಗಬೇಡ. ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಭಾವ ಈಗಲೂ ಕನ್ನಡಕ ಹಣೆಗೇರಿಸಿಕೊಂಡೇ ಕನ್ನಡಕ ಹುಡುಕ್ತಾರಾ? ನಾನು ಚೆನ್ನಾಗಿದ್ದೇನೆ, ಅಂದರೆ ಮಲಗಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕಟ್ಟಡದ ನೆತ್ತಿಯ ಮೇಲೆ ಕ್ರೇನಿನ ಗೂಡು, ಗೂಡೊಳಗೆ ನಾನು. ಉಚ್ಚೆಗೆ ಅಂತ ಏಣಿ ಇಳಿದು ಹತ್ತುವಷ್ಟರಲ್ಲಿ ಕೆಳಗೆ ಕಾಂಕ್ರೀಟು ಗಟ್ಟಿಯಾಗಿ, ಮೇಸ್ತ್ರಿಯ ಬಾಯಿ ಸಡಿಲವಾಗಿರುತ್ತೆ. ಹಾಗಾಗಿ ನಾವು ಕ್ರೇನಿನವರು ನೀರಿನ ತಂಟೆಗೇ ಹೋಗಲ್ಲ. ಕುಡಿಯದವ ಧೀರ, ಇಳಿಯದವ ಶೂರ! ಬೆಳಗ್ಗೆ ಹತ್ತಿದರೆ ಸಂಜೆಗೇ ಇಳಿಯುತ್ತಿದ್ದ ನನಗೆ 'ಒಂಟೆ' ಅನ್ನೋ ಬಿರುದು ಬೇರೆ. ಕೂತು ಕೂತು ಹಿಡಿದ ಸೊಂಟಕ್ಕೆ ಅಂಗಡಿಯ ನೋವಿನ ಮಾತ್ರೆ, ಕಡಲೆಬೀಜ ತಿಂದ ಹಾಗೆ. ಹೋದ ವಾರ ವಾಂತಿಭೇದಿ ಹಿಡಿಯಿತು, ಆದರೂ ಹತ್ತಿದೆ. ಆಮೇಲೆ ಇಡೀ ದಿನಕ್ಕೆ ಅರ್ಧ ಲೋಟ ಉಚ್ಚೆ, ಅದೂ ಡಿಕಾಕ್ಷನ್ ಬಣ್ಣ. ನನಗೋ ಖುಷಿ! ದೇಹ ಕೊನೆಗೂ ಪಳಗಿತು ಅಂದುಕೊಂಡೆ. ಬೂಟಿನೊಳಗೆ ಪಾದ ಹಿಡಿಸದಿದ್ದಾಗ ಬೂಟನ್ನೇ ಬೈದೆ.

ಇಲ್ಲಿಯ ಡಾಕ್ಟರಮ್ಮ ನಿನ್ನ ದೊಡ್ಡ ಮಗಳ ವಯಸ್ಸಿನವಳು. ಉಚ್ಚೆ ಕಮ್ಮಿಯಾದರೆ ಮೂರು ಕಡೆ ಹುಡುಕಬೇಕಂತೆ. ಮೈಯ ನೀರು ಬತ್ತಿ ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋಗಿರಬಹುದು, ಮೂತ್ರಪಿಂಡವೇ ಪೆಟ್ಟು ತಿಂದಿರಬಹುದು, ಇಲ್ಲಾ ಕಲ್ಲೋ ಪ್ರಾಸ್ಟೇಟ್ ಊತವೋ ದಾರಿಗೆ ಅಡ್ಡ ಕೂತಿರಬಹುದು. ಸ್ಕ್ಯಾನ್ ನೋಡಿದರೆ ದಾರಿ ಖಾಲಿ. ನನ್ನದು ಮೊದಲನೆಯದಾಗಿ ಶುರುವಾಗಿ, ಮಾತ್ರೆಗಳ ಕೃಪೆಯಿಂದ ಎರಡನೆಯದಕ್ಕೆ ಬಡ್ತಿ ಪಡೆದಿದೆ. ನನ್ನ ಬಿರುದು ಕೇಳಿ, "ಒಂಟೆ ನೋವಿನ ಮಾತ್ರೆ ನುಂಗಲ್ಲ, ಸ್ವಾಮಿ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಜೋಕಿಗೆ ನಗದವರನ್ನು ಬೇಕಾದಷ್ಟು ಕಂಡಿದ್ದೇನೆ ಅಕ್ಕಾ. ತನ್ನ ಜೋಕಿಗೆ ತಾನೇ ನಗದವಳನ್ನು ಕಂಡದ್ದು ಇದೇ ಮೊದಲು.

ಭಾವನಿಗೆ ನಮಸ್ಕಾರ, ಮಕ್ಕಳ ತಲೆ ಮೇಲೆ ನನ್ನದೊಂದು ಕೈ.

ನಿನ್ನ ತಮ್ಮ

ಇದೊಂದು ಬಿಟ್ಟೇಹೋಯಿತು: ನಿನ್ನೆಯಿಂದ ಡಯಾಲಿಸಿಸ್ ಹಾಕಿದ್ದಾರೆ. ಮೂತ್ರಪಿಂಡ ಮತ್ತೆ ಏಳಬಹುದು, ಏಳದೆಯೂ ಇರಬಹುದು ಅಂತಾರೆ. ಫೋನಿನಲ್ಲಿ ನನ್ನ ದನಿ ನಿನಗೆ ಗೊತ್ತಾಗಿಬಿಡುತ್ತೆ ಅಂತ ಕಾಗದ ಬರೆದೆ. ಮಂಚದ ಪಕ್ಕ ಕೂತಿರೋ ನನ್ನ ಹೆಂಡತಿಯನ್ನು ಬೆಳಗ್ಗೆಯಿಂದ ನಗಿಸ್ತಾನೇ ಇದ್ದೀನಿ. ಇನ್ನು ಆಗಲ್ಲ. ನನಗೆ ತುಂಬಾ ಭಯ ಆಗ್ತಿದೆ, ಅಕ್ಕಾ. ಬಾ.