ಲಕ್ಕಮ್ಮನ ಬೆಣ್ಣೆಯೊಳಗೆ ಏನಿತ್ತು

ಹೊಳೆನರಸೀಪುರ
೧೪ ನವೆಂಬರ್ ೨೦೨೪

ಪ್ರೀತಿಯ ದೀಪಶ್ರೀಗೆ ತಾತನ ಆಶೀರ್ವಾದ.

ಹೇಗಿದ್ದೀಯ ಪುಟ್ಟಿ? ಪುಣೆಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು, ಸಂಶೋಧನೆ ಮಾಡುವವರಿಗೂ ಹೊಟ್ಟೆ ಇರುತ್ತದೆ. ನಿನ್ನ ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ. ನಾನು ಈಗಲೂ ದಿನಾ ತಕ್ಕಡಿ ರಿಪೇರಿ ಅಂಗಡಿಯ ಬಾಗಿಲು ತೆಗೆಯುತ್ತೇನೆ. ಎಲ್ಲರೂ ಕರೆಂಟಿನ ತಕ್ಕಡಿ ಇಟ್ಟುಕೊಂಡ ಮೇಲೆ ಯಾರೂ ಬರುವುದಿಲ್ಲ, ಅಷ್ಟೆ. ರಜಕ್ಕೆ ಬಂದಾಗಲೆಲ್ಲ ನಿನ್ನನ್ನು ಕೂರಿಸಿ ತೂಗುತ್ತಿದ್ದ ದೊಡ್ಡ ತಟ್ಟೆ ಮೂಲೆಯಲ್ಲೇ ಇದೆ. ಮೊನ್ನೆ ಅದನ್ನು ಒರೆಸಿಟ್ಟೆ.

ನೀನು ಫೋನಿನಲ್ಲಿ ಹೇಳಿದ್ದು ತಲೆಯಿಂದ ಹೋಗಿಲ್ಲ. ಆಕಾಶಗಂಗೆಯಂಥ ನಕ್ಷತ್ರರಾಶಿಗಳ ಅಂಚಿನಲ್ಲಿರುವ ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುತ್ತವಂತೆ. ಕಾಣುವ ವಸ್ತುವಿನ ಸೆಳೆತ ಅಷ್ಟಕ್ಕೆ ಸಾಲದು, ಆದ್ದರಿಂದ ಕಾಣದ್ದೊಂದು ಒಳಗೆ ತುಂಬಿದೆ ಎನ್ನುತ್ತಾರಂತೆ. ಡಾರ್ಕ್ ಮ್ಯಾಟರ್ ಅಂತೆ ಅದರ ಹೆಸರು. ನೀನೋ, ಸೆಳೆತ ತೀರಾ ಸಣ್ಣದಾದ ಕಡೆ ನ್ಯೂಟನ್ ಹೇಳಿದ ಲೆಕ್ಕವೇ ಬದಲಾಗಬಹುದಲ್ಲ ಎಂದು ನಿನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಬರೆದೆ. ಅದನ್ನು ಓದಿದಾಗ ಸಭೆಯಲ್ಲಿದ್ದ ವಿಜ್ಞಾನಿಗಳು ನಕ್ಕರು. "ಆ ಅಧ್ಯಾಯಾನೇ ತೆಗ್ದಾಕ್ಬುಡ್ತೀನಿ ತಾತ" ಎಂದು ನೀನು ಅತ್ತಾಗ ನನಗೆ ಲಕ್ಕಮ್ಮ ನೆನಪಾದಳು. ಆ ಸಂಗತಿಯನ್ನು ಮೂವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ, ನಿನ್ನ ಅಜ್ಜಿಗೂ.

ಆಗ ಕೊಣನೂರು ಸಂತೆಯಲ್ಲಿ ಜನರ ಸರಕು ತೂಗಿಕೊಡಲು ತಕ್ಕಡಿ ಹಿಡಿದು ಕೂರುತ್ತಿದ್ದೆ. ಹರದನಹಳ್ಳಿಯ ಲಕ್ಕಮ್ಮ ಮುತ್ತುಗದ ಎಲೆಯಲ್ಲಿ ಬೆಣ್ಣೆ ತರುತ್ತಿದ್ದಳು. ನನ್ನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಿದ್ದಳು, ತಂದ ರೊಟ್ಟಿಯಲ್ಲಿ ಅರ್ಧ ನನಗೇ. ಅವಳಿಲ್ಲದ ಸಂತೆ ನನಗೆ ಸಂತೆ ಅನ್ನಿಸುತ್ತಲೇ ಇರಲಿಲ್ಲ. ಒಂದು ದಿನ ಅವಳ ಉಂಡೆ ಕಣ್ಣಿಗೆ ಸಣ್ಣದು, ತಕ್ಕಡಿಯಲ್ಲಿ ಭಾರ. ಬೆಣ್ಣೆಯೊಳಗೆ ಕಲ್ಲು, ಗೆಡ್ಡೆ ಇಡುವವರನ್ನು ಕಂಡವನು ನಾನು. ಎಲ್ಲರ ಮುಂದೆಯೇ ಕಡ್ಡಿ ಹಾಕಿ ಚುಚ್ಚಿದೆ. ಏನೂ ಸಿಗಲಿಲ್ಲ. ಇನ್ನೂ ಚುಚ್ಚಿದೆ. "ಐತೆ, ಕಾಣಿಸ್ತಿಲ್ಲ ಅಷ್ಟೆ" ಎಂದೆ. ಅವಳು ಹೇಳಿದ್ದು ಒಂದೇ ಮಾತು: "ಒಂದ್ಸಲ ತಕ್ಕಡೀನೂ ನೋಡಣ್ಣ." ಈ ಚನ್ನಪ್ಪನ ತಕ್ಕಡಿಗೇ ಹೆಸರಿಡುವುದೇ ಎಂದು ನನಗೆ ಪಿತ್ತ ನೆತ್ತಿಗೇರಿತು, ಬಾಯಿಗೆ ಬಂದಂತೆ ಬೈದೆ. ಅವಳು ಆ ಸಂತೆಗೆ ಮತ್ತೆ ಬರಲಿಲ್ಲ.

ತಿಂಗಳಾದ ಮೇಲೆ ತಕ್ಕಡಿ ಬಿಚ್ಚಿ ನೋಡಿದರೆ ಕೋಲು ಕೂರುವ ಕಬ್ಬಿಣದ ಅಂಚು ಸವೆದಿತ್ತು. ದೊಡ್ಡ ತೂಕಕ್ಕೆ ನಿಜ, ಸಣ್ಣ ತೂಕಕ್ಕೆ ಸುಳ್ಳು. ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡೆ.

ನೀನು ಹೇಳುವುದೇ ಸರಿ ಎನ್ನುವಷ್ಟು ವಿದ್ಯೆ ನನಗಿಲ್ಲ. ಅವರು ಹುಡುಕಲಿ, ಆಕಾಶದಲ್ಲಿ ನಿಜವಾಗಿಯೂ ಏನಾದರೂ ಸಿಕ್ಕೀತು. ಆದರೆ ತಕ್ಕಡಿಯನ್ನೂ ನೋಡಿ ಎಂದವಳನ್ನು ನೋಡಿ ನಗಬಾರದು. ಅಜ್ಜಿ ಆಶೀರ್ವಾದ ತಿಳಿಸಿದ್ದಾಳೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದೂ ಹೇಳಿದ್ದಾಳೆ.

ಇಂತಿ ನಿನ್ನ ತಾತ,
ಚನ್ನಪ್ಪ

ಮತ್ತೊಂದು ಮಾತು: ಕಾಗದ ಅಂಟಿಸುವ ಮೊದಲು ಹರದನಹಳ್ಳಿಗೆ ಹೋಗಿಬಂದೆ. ಲಕ್ಕಮ್ಮನಿಗೆ ಕಣ್ಣು ಮಂಜಾಗಿದೆ, ದನಿಯಲ್ಲೇ ಗುರುತು ಹಿಡಿದಳು. ತಪ್ಪಾಯ್ತು ಎಂದೆ, ನಿನ್ನ ವಿಷಯವನ್ನೂ ಹೇಳಿದೆ. "ಮಗಾ ಅತ್ತಿತಾ?" ಎಂದಳು. ಆಮೇಲೆ ಎದ್ದು ಒಳಗಿಂದ ಬೆಣ್ಣೆ ತಂದು ನನ್ನ ಅಂಗೈಗೆ ಇಟ್ಟಳು. "ತೂಗ್ಬ್ಯಾಡ ಕಣಣ್ಣ, ತಿನ್ನು." ತುಪ್ಪ ಕಾಯಿಸಿ ನಿನಗೂ ಕಳಿಸುತ್ತಿದ್ದೇನೆ. ಆ ಅಧ್ಯಾಯ ತೆಗೆಯಬೇಡ.