ರಂಗೂನಿನ ಶಾಲೆಗೆ ಬಾ ಎಂದಿರಿ

ಬ್ಯಾಡಗಿ,
೯ ಮಾರ್ಚ್ ೧೯೪೭

ರಂಗೂನಿನಲ್ಲಿರುವ ನನ್ನ ಯಜಮಾನರಿಗೆ ನಿಮ್ಮ ಉಚ್ಚಂಗೆವ್ವನ ಶರಣಾರ್ಥಿಗಳು.

ಹಲ್ಲುನೋವು ಹೇಗಿದೆ? ಲವಂಗ ಇಟ್ಟುಕೊಳ್ಳಿ ಎಂದು ಹೋದ ಕಾಗದದಲ್ಲೇ ಬರೆದಿದ್ದೆ. ಚಳಿಜ್ವರ ತಿರುಗಿ ಬಂದಿಲ್ಲ ತಾನೆ? ಊರಿಗೆಲ್ಲ ಪಾಠ ಹೇಳುವವರು ಸ್ವಂತ ಮೈಯ ಮಾತು ಮಾತ್ರ ಕೇಳುವುದಿಲ್ಲ. ಇಲ್ಲಿ ಅತ್ತೆಯವರ ಮೊಣಕಾಲು ಸೋತಿದ್ದರೂ ಬಾಯಿ ಗಟ್ಟಿಮುಟ್ಟಾಗಿದೆ. "ಸುಟ್ಟ ಊರಾಗ ಸಾಲಿ ತೆಗೀತಾನಂತ! ಇಲ್ಲಿ ಹುಡುಗರೇನು ಸತ್ತಿದ್ವೇನು?" ಎಂದು ನಿಮ್ಮನ್ನು ದಿನವೂ ಬೈದು, ನಿಮ್ಮ ಕಾಗದವನ್ನು ಮಾತ್ರ ಮೂರು ಮೂರು ಸಲ ಓದಿಸಿ ಕೇಳುತ್ತಾರೆ. ಮೆಣಸಿನಕಾಯಿ ಸುಗ್ಗಿ ಇನ್ನೂ ಮುಗಿದಿಲ್ಲ. ಅಂಗಳದ ತುಂಬ ತೊಟ್ಟು ಬಿಡಿಸುವ ಹೆಂಗಸರು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬರುವುದರಿಂದ ನನ್ನನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನ ನಾನೂ ಅವರ ಜೊತೆ ಕೂಡುತ್ತೇನೆ.

ನಿಮ್ಮ ಶಾಲೆಯ ಸುದ್ದಿ ಓದಿ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಬಾಂಬಿಗೆ ಸೂರು ಹಾರಿಹೋದ ಅಕ್ಕಿ ಗೋದಾಮಿಗೆ ತಗಡು ಹೊದಿಸಿದಿರಂತೆ. ಬರ್ಮಾದವರು, ಚೀನದವರು, ಕರೆನ್ ಜನಾಂಗದವರು, ತೆಲುಗರು, ಇಬ್ಬರು ಇಂಗ್ಲಿಷರ ಮಕ್ಕಳು ಕೂಡ ಹೆಸರು ಹಚ್ಚಿದ್ದಾರಂತೆ. ಹೋಗುವಾಗ ನೀವು ಅಂದದ್ದು ನೆನಪಿದೆ: "ಬಡಿದವರ ಮಕ್ಕಳು, ಬಡಿಸಿಕೊಂಡವರ ಮಕ್ಕಳು ಒಂದ ಬೆಂಚಿನ ಮ್ಯಾಲೆ ಕುಂದರಬೇಕು." ಆದರೆ ಮಾಸ್ತರರ ಮನೆಯಲ್ಲಿ ಹೆಂಗಸಿಲ್ಲದ ಶಾಲೆಗೆ ತಾಯಂದಿರು ಹೆಣ್ಣುಮಕ್ಕಳನ್ನು ಬಿಡುತ್ತಿಲ್ಲ, ತಂದೆತಾಯಿ ಇಲ್ಲದ ಹನ್ನೊಂದು ಹುಡುಗಿಯರನ್ನು ಬೇರೆ ಸಾಕಬೇಕು, ಜೂನ್ ಒಳಗೆ ನೀನು ಬಂದರೆ ಶಾಲೆ, ಇಲ್ಲದಿದ್ದರೆ ಇಲ್ಲ ಎಂದು ಬರೆದಿದ್ದೀರಿ. ಅತ್ತೆಯವರ ಮೊಣಕಾಲು, ಸುಗ್ಗಿ, ಹಡಗಿನ ಭಯ ಎಂದು ನಾಲ್ಕು ಕಾಗದಗಳಲ್ಲಿ ನೆವ ಹೇಳಿದೆ. ಭಯ ಹಡಗಿನದಲ್ಲ ಎಂದು ನಿಮಗೂ ಗೊತ್ತು. ಐದು ವರ್ಷದ ಕೆಳಗೆ, ಜಪಾನಿನವರು ನುಗ್ಗಿದಾಗ, ಆ ದೇಶದಿಂದ ನಡೆದು ಬರುವಾಗ, ಗಡಿಯ ತಾಮು ಊರು ದಾಟಿದ ಮೇಲೆ, ನಮ್ಮ ನೀಲಿಯನ್ನು ದಾರಿಯ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು. ಆರು ವರ್ಷದ ಕೂಸು. ಅವಳ ಓರಗೆಯ ಹುಡುಗಿಯರ ತಲೆ ನಾನು ಹ್ಯಾಗೆ ಬಾಚಲಿ?

ಹೋದ ವಾರ ರಾಣೆಬೆನ್ನೂರಿನಿಂದ ಗುಲಾಬಬಿ ಬಂದಿದ್ದಳು. ನಮ್ಮ ಜೊತೆ ಆ ದಾರಿ ನಡೆದವಳು, ಗುಣಿ ತೋಡಲು ನನ್ನೊಂದಿಗೆ ಕೈಜೋಡಿಸಿದವಳು ಅವಳೊಬ್ಬಳೇ. ನಿಮ್ಮ ಕಾಗದ ಓದಿ ಹೇಳಿದೆ. "ಹೋಗ ತಂಗಿ, ಆ ಪೋರಿಗಳಿಗೆ ಯಾರ ಅದಾರ? ಆದ್ರ ಮಾಸ್ತರಿಗೆ ಖರೇ ಹೇಳಿ ಹೋಗು" ಎಂದಳು. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಮಕ್ಕಳಿಗೆ ಹೊಡೆಯಬೇಡಿ.

ನಿಮ್ಮ,
ಉಚ್ಚಂಗೆವ್ವ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಮಣ್ಣು ಮಾಡುವಾಗ ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟು ಕಳಿಸುವುದು ನಮ್ಮ ಪದ್ಧತಿ. ನೀವು ಜ್ವರದಲ್ಲಿ ಮರದ ಕೆಳಗೆ ಮಲಗಿದ್ದಿರಿ. "ಲಿಂಗಾ ಕೈಯಾಗ ಇಟ್ಟಿಯಲ್ಲ?" ಎಂದು ಕೇಳಿದಿರಿ. "ಹೂಂ ರೀ" ಎಂದೆ. ಇಟ್ಟಿರಲಿಲ್ಲ. ಅವಳ ಮೈಮೇಲಿನದು ಒಂದಾದರೂ ನನಗಿರಲಿ ಎಂದು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡೆ. ಇಂದಿಗೂ ನನ್ನ ಕೊರಳಲ್ಲಿ ನನ್ನದರ ಪಕ್ಕದಲ್ಲೇ ಇದೆ. ನಮ್ಮ ಕೂಸನ್ನು ಬರಿಗೈಯಲ್ಲಿ ಕಳಿಸಿದವಳು ನಾನು. ಹನ್ನೊಂದು ಹುಡುಗಿಯರನ್ನು ನನ್ನ ಕೈಗೆ ಕೊಡುವ ಮೊದಲು ನಿಮಗೆ ಇದು ಗೊತ್ತಿರಲಿ. ಇದನ್ನು ಓದಿದ ಮೇಲೂ ಬಾ ಎಂದರೆ ಬರುತ್ತೇನೆ.