ಸಮುದ್ರದೊಳಗಿನ ಬಾವಿ

ಅನೆಹೋ, ಟೋಗೋ ಕರಾವಳಿ
ಜನವರಿ

ಅಕ್ಕಾ,

ಮರುಭೂಮಿಯ ಧೂಳುಗಾಳಿ ಇಲ್ಲಿಗೂ ಬಂದಿದೆ, ಹಗಲೂ ಮಬ್ಬು. ನಮ್ಮ ಮನೆಯೊಡತಿ ಅಕುವೆಲೆ ಅಜ್ಜಿಯ ಹಳೇ ಮನೆಯನ್ನು ಸಮುದ್ರ ಕೊರೆದು ನುಂಗಿದೆ. ಅಂಗಳದ ಬಾವಿಯೊಂದೇ ಅಲೆಗಳ ನಡುವೆ ಗೋಪುರದ ಹಾಗೆ ನಿಂತಿದೆ. ಆ ಮನೆಯ ಸತ್ತ ಹಿರಿಯರಿಗೆ ಅಜ್ಜಿ ದಿನಾ ದಡದಲ್ಲಿ ನೀರು ಬಿಡುತ್ತಾಳೆ. ನಿನ್ನೆ ಅವಳಿಗೆ ಜ್ವರ ಬಂದು ನನ್ನನ್ನು ಕಳಿಸಿದಳು. ನಾನು ನಮ್ಮ ಗುಡ್ಡದವರ ರೂಢಿಯಂತೆ, ಕೊಡುವವಳು ಇಂಥವಳೆಂದು ನನ್ನ ಹೆಸರು ಹೇಳಿ ನೀರು ಬಿಟ್ಟೆ.

“ಅಯ್ಯೋ ಪೆದ್ದೀ! ಸತ್ತೋರ ಹೆಸರು ಹೇಳ್ಬೇಕು ಕಣೇ, ನಿಂದಲ್ಲ!” ಎಂದು ಅಜ್ಜಿ ಬೈದಳು. ನಕ್ಕುಬಿಟ್ಟೆ.

ಇವತ್ತು ಬೆಳಿಗ್ಗೆ ಬಾವಿಯ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಎರಡು ಸಲ ಕರೆದರು.

“ಓ ಅಂದ್ಯಾ?” ಎಂದಳು ಅಜ್ಜಿ. ಇಲ್ಲವೆಂದೆ.

ನನ್ನ ಕೆಮ್ಮು ವಾಸಿ. ತುಟಿ ಒಡೆದಿದೆ, ಶಿಯಾ ಬೆಣ್ಣೆ ಕಳಿಸು. ಪೊಟ್ಟಣದ ಮೇಲೆ ಅಜ್ಜಿಯ ಹೆಸರು ಬರೆ, ನನ್ನದು ಬೇಡ. ನಾನೂ ಇಲ್ಲಿ ಹೆಸರು ಬರೆಯುತ್ತಿಲ್ಲ, ಅಕ್ಷರ ನೋಡಿ ಗುರುತು ಹಿಡಿ.

ನಿನ್ನ ತಂಗಿ